ಆಕ್ಷೇಪಣೆಯ ಹಕ್ಕೂ ದೇಶಭಾಷೆಯೂ

ಪ್ರಜೆಗಳ ಆಕ್ಷೇಪಣೆಯನ್ನು ಕೋರುವ ಸರ್ಕಾರವು ಅವರು ಬಲ್ಲ ಭಾಷೆಯಲ್ಲಿಯೇ ಅದನ್ನು ಕೋರಬೇಕೆಂಬುದು ನ್ಯಾಯ. 2020ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಪರಿಸರ ಪರಿಣಾಮ ಪರಿಶೀಲನೆಯ ಕರಡು ಅಧಿಸೂಚನೆಯು ಈ ತತ್ತ್ವವನ್ನು ಒರೆಗೆ ಹಚ್ಚಿತು. ಅನುಮತಿಯಿಲ್ಲದೆ ಆರಂಭವಾದ ಉದ್ಯಮಗಳಿಗೂ ಅನಂತರ ಮಂಜೂರಾತಿ ದೊರೆಯುವ ದಾರಿಯನ್ನು ಅದು ತೆರೆಯುವುದಾಗಿದ್ದಿತು.

ಸ್ವೀಡನ್ನಿನ ವಿದ್ಯಾರ್ಥಿನಿ ಗ್ರೇಟಾ ಥುನ್‌ಬರ್ಗ್ 2018ರಲ್ಲಿ ಮೊದಲುಮಾಡಿದ ಹವಾಗುಣರಕ್ಷಣೆಯ ಚಳವಳಿಗೆ ಸೇರಿದ ಭಾರತೀಯ ತರುಣರು, ಬೆಂಗಳೂರಿನವರೂ ಕೂಡಿ, ಅದನ್ನು ವಿರೋಧಿಸಿ ಸಚಿವರಿಗೆ ಮನವಿಗಳನ್ನು ಕಳುಹಿದರು. ಆದರೆ ಕರಡು ದೊರೆತುದು ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ. ಗಿರಿನಗರದ ಕಾಲೇಜು ವಿದ್ಯಾರ್ಥಿಯು ಅದನ್ನೋದಿ ವಾದಿಸಬಹುದು. ಗಣಿಯ ಮಗ್ಗುಲಲ್ಲಿ ಉಳುವ ಬಳ್ಳಾರಿಯ ರೈತನು ಏನೆಂದು ಆಕ್ಷೇಪಿಸಬೇಕು? ಜೂನ್ 30ರಂದು ದೆಹಲಿಯ ಉಚ್ಚ ನ್ಯಾಯಾಲಯವು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಕರಡನ್ನು ಪ್ರಕಟಿಸಲು ಆಜ್ಞಾಪಿಸಿತು. ಆಗಸ್ಟ್ 5ರಂದು ಕರ್ಣಾಟಕದ ಉಚ್ಚ ನ್ಯಾಯಾಲಯವು, ಬೆಂಗಳೂರಿನ ಸಂಸ್ಥೆಯೊಂದರ ಅರ್ಜಿಯ ಮೇಲೆ, ಅಂತಿಮ ಅಧಿಸೂಚನೆಯನ್ನು ತಾತ್ಕಾಲಿಕವಾಗಿ ತಡೆಯಿತು.

ಆಜ್ಞೆಯಾದ ಮಾತ್ರಕ್ಕೆ ಭಾಷಾಂತರವು ಸುಲಭಸಾಧ್ಯವಲ್ಲ. ಇಂಗ್ಲಿಷಿನ ‘ಅಸೆಸ್‌ಮೆಂಟ್’ ಎಂಬುದನ್ನು ‘ನಿರ್ಧಾರ’ವೆಂದರೆ ವಿಷಯವು ಮೊದಲೇ ತೀರ್ಮಾನವಾದಂತಾಗುವುದು, ‘ಅಂದಾಜು’ ಎಂದರೆ ಅರ್ಥವು ಹಗುರವಾಗುವುದು. ಇಂಥ ಮಾತುಗಳನ್ನು ತೂಗಿ ಕೊಡುವುದು ಪಂಡಿತರ ಕೆಲಸ. ಅದಾಗದಿದ್ದರೆ ತರುಣರ ಅಹವಾಲು ನಗರದ ಎಲ್ಲೆಯನ್ನು ದಾಟಲಾರದು.