ಹೊಗೆಯಿಲ್ಲದ ಬಚ್ಚಲುಮನೆ

ನಾನು ಈ ಹೊತ್ತು ಮಾತನಾಡಹೊರಟಿರುವುದು ಬಚ್ಚಲುಮನೆಯನ್ನು ಕುರಿತು. ಸಾಹಿತ್ಯಾಸಕ್ತರಾದ ಕೇಳುಗರು ಮೂಗು ಮುರಿಯಬಾರದು. ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಬಚ್ಚಲೊಲೆಗೆ ಅಡಕೆ ಸೋಗೆ ಒಟ್ಟಿ ಹಂಡೆಯ ನೀರು ಕಾಯಿಸುವುದು ಹುಡುಗರ ಕೆಲಸ. ಕಣ್ಣುರಿ, ಕೆಮ್ಮು. 'ಬಾಗಿಲು ತೆಗೆಯೋ' ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದರು. ಆ ಹೊಗೆಯನ್ನು ನಾವು ಬಯ್ಯದ ದಿನವಿರಲಿಲ್ಲ. ಅದು ನಮ್ಮ ಕಾವಲುಗಾರನೂ ಆಗಿತ್ತೆಂಬುದು ನನಗೆ ಹೊಳೆದದ್ದು 2016ರ ಡಿಸೆಂಬರಿನಲ್ಲಿ.

ಬೆಂಗಳೂರಿನ ಬಾಡಿಗೆ ಮನೆಯೊಂದರಲ್ಲಿದ್ದ ನನ್ನ ತಂಗಿಯ ಮಗಳು ಸ್ನಾನಕ್ಕೆ ಹೋದವಳು ಅರ್ಧ ಗಂಟೆಯಾದರೂ ಹೊರಬರಲಿಲ್ಲ. ಕರೆದರೆ ಓಗೊಡಲಿಲ್ಲ. ಬಾಗಿಲು ಒಡೆದಾಗ ಗೋಡೆಗೊರಗಿ ಕುಸಿದಿದ್ದಳು. ನಲ್ಲಿಯಿಂದ ಬಿಸಿನೀರು ಸುರಿಯುತ್ತಲೇ ಇತ್ತು, ಮೇಲೆ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಹಿಂದಿನ ಸಂಜೆ, ಚಳಿಗಾಳಿ ಬರುತ್ತದೆಂದು ಕಿಟಕಿಯ ಸಂದಿಗೆ ವೃತ್ತಪತ್ರಿಕೆ ತುರುಕಿದವನು ನಾನೇ. ಹುಡುಗಿ ಉಳಿದಳು. ಆ ಕಾಗದದ ಉಂಡೆಯನ್ನು ಮಾತ್ರ ನಾನು ಮರೆತಿಲ್ಲ.

ಸಂಗತಿ ಇಷ್ಟೆ. ಒಂದು ಕಿಲೋ ಅಡಿಗೆ ಅನಿಲ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 12 ಘನಮೀಟರ್ ಗಾಳಿ ಬೇಕು. ನಮ್ಮ ಊರುಗಳ ಎಷ್ಟೋ ಬಚ್ಚಲುಮನೆಗಳಲ್ಲಿರುವುದು ಅದರ ಅರ್ಧದಷ್ಟು ಗಾಳಿ. ಗಾಳಿ ಕ್ಷೀಣಿಸಿದಂತೆ ಉರಿ ಅರೆಬರೆಯಾಗಿ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲಕ್ಕೆ ದುರ್ಗಂಧವನ್ನು ಬೇಕೆಂದೇ ಬೆರೆಸಿರುತ್ತಾರೆ. ಆದರೆ ಉರಿಯಲ್ಲಿ ಆ ವಾಸನೆಯೂ ಸುಟ್ಟುಹೋಗುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಮೋಹದಿಂದ ಈ ವಿಷವನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ಓಕರಿಕೆ, ಆಮೇಲೆ ಕಾಲುಗಳ ನಿಶ್ಶಕ್ತಿ. ಬಾಗಿಲು ಎರಡೇ ಹೆಜ್ಜೆ ದೂರವಿದ್ದರೂ ಏಳಲಾಗುವುದಿಲ್ಲ.

1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬಾತ ಅನಿಲದಿಂದ ನೀರು ಕಾಯಿಸುವ ಯಂತ್ರ ರೂಪಿಸಿ, ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ನೆನಪಿನಲ್ಲಿ ಅದಕ್ಕೆ ಗೀಸರ್ ಎಂದು ಹೆಸರಿಟ್ಟ. ಅದಕ್ಕೆ ಹೊಗೆಗೊಳವೆಯೇ ಇರಲಿಲ್ಲ. ನಾವು ಇಂದಿಗೂ ಎಷ್ಟೋ ಮನೆಗಳಲ್ಲಿ ಆತನ ತಪ್ಪನ್ನೇ ಗೋಡೆಗೆ ತೂಗುಹಾಕುತ್ತಿದ್ದೇವೆ.

ಗೀಸರ್ ಇರಬೇಕಾದ ಜಾಗ ಬಚ್ಚಲಲ್ಲ. ಹಿತ್ತಲ ಕಡೆಯ ತೆರೆದ ಬಾಲ್ಕನಿ. ಒಳಗೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ಮನೆಯೊಳಗೇ ಇಡುವುದು ಅನಿವಾರ್ಯವಾದರೆ, ಹೊಗೆಗೊಳವೆ ಜೋಡಿಸಲು ಬರುವ ಮಾದರಿಯನ್ನೇ ಕೊಳ್ಳಬೇಕು. ಆ ಕೊಳವೆ ಮೇಲ್ಮುಖವಾಗಿ, ಹೆಚ್ಚು ತಿರುವುಗಳಿಲ್ಲದೆ ಬಯಲಿಗೆ ತೆರೆಯಬೇಕು. ಪಕ್ಕದ ಕೋಣೆಗೋ ಮುಚ್ಚಿದ ಸಂದಿಗೋ ಅಲ್ಲ. ಜೊತೆಗೆ ಗೋಡೆಯ ಕೆಳಗೊಂದು, ಮೇಲೊಂದು ಗಾಳಿಕಿಂಡಿ. ಮುಚ್ಚುವ ಕದ ಅವಕ್ಕಿರಬಾರದು. ಅನಿಲ ಸೋರಿದರೆ ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿಯುತ್ತದೆ, ಉರಿದು ಬಿಸಿಯಾದದ್ದು ಮೇಲೇರುತ್ತದೆ. ಗಾಳಿ ಹೊರದೂಡುವ ಫ್ಯಾನ್ ಇದೆಯಲ್ಲ ಎಂದು ನೆಮ್ಮದಿ ಪಡುವವರುಂಟು. ಕಿಂಡಿಯಿಲ್ಲದ ಕೋಣೆಯಲ್ಲಿ ಅದೇ ಫ್ಯಾನ್ ಕೊಳವೆಯ ಹೊಗೆಯನ್ನು ಹಿಂದಕ್ಕೆಳೆದು ಒಳಗೆ ಸುರಿಯಬಲ್ಲದು! ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಕಟ್ಟಿತೆಂದರೆ ಗೀಸರನ್ನು ಆರಿಸಿ, ಕೆಲಸ ಬಲ್ಲವರನ್ನು ಕರೆಸತಕ್ಕದ್ದು.

ಬಾಡಿಗೆ ಮನೆಯವರು ಗೋಡೆ ಕೊರೆಯಲಾರರು, ಬಲ್ಲೆ. ಅದನ್ನು ಸರಿಪಡಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಲಿ, ಗೀಸರ್ ಆರಿಸಲಿ, ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕಿಳಿಯಲಿ.

ಯಾರಾದರೂ ಕುಸಿದಿದ್ದರೆ ಮೊದಲು ಬಯಲಿಗೆ ತನ್ನಿ. ಎಚ್ಚರ ಬಂದರೂ ಆಸ್ಪತ್ರೆಗೆ ಒಯ್ಯಿರಿ. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿದೀತು. ವೈದ್ಯರಿಗೆ ಗೀಸರಿನ ವಿಷಯವನ್ನು ನೀವಾಗಿಯೇ ಹೇಳಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಮಾಪಕ ವಿಷ ಹೊತ್ತ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ.