ತೋಟಾ ಡೈ: ಲೇತ್ ಬಲ್ಲವರೂ ಬಂದೂಕು ಇರುವವರೂ ತಿಳಿದಿರಬೇಕಾದದ್ದು

ಹೊಸೂರು ಸುತ್ತಮುತ್ತಲಿನವರಿಗೆ ಡೈ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಸಿಪ್ಕಾಟ್ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಮನೆಗೊಬ್ಬರಾದರೂ ಲೇತ್, ಮಿಲ್ಲಿಂಗ್, ಟೂಲ್ ರೂಮ್ ಕೆಲಸ ಕಲಿತಿದ್ದಾರೆ. ಆದರೆ ಒಂದು ಬಗೆಯ ಡೈ ಇದೆ. ಅದನ್ನು ಮಾಡಿಕೊಡುವುದಿರಲಿ, ಪರವಾನಗಿ ಇಲ್ಲದೆ ಮನೆಯಲ್ಲಿಟ್ಟುಕೊಂಡರೂ ಜೈಲಿಗೆ ಹೋಗಬೇಕಾಗಬಹುದು. ಅದು ರಿವಾಲ್ವರ್ ತೋಟಾ ಮತ್ತೆ ತುಂಬುವ ಡೈ. ಅಮೆರಿಕದಂಥ ದೇಶಗಳಲ್ಲಿ ಇದು ಮನೆಯ ಗ್ಯಾರೇಜಿನಲ್ಲಿ ಮಾಡುವ ಹವ್ಯಾಸ. ಅಲ್ಲಿನ ವಿಡಿಯೋಗಳು ಈಗ ಎಲ್ಲರ ಮೊಬೈಲಿಗೂ ಬರುತ್ತವೆ. ಹಾಗಾಗಿ ಈ ಡೈ ಏನು, ಅದನ್ನು ಹೇಗೆ ಆರಿಸುತ್ತಾರೆ, ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ತೋಟಾದಲ್ಲಿ ಏನಿರುತ್ತದೆ?

ತಮಿಳಿನಲ್ಲೂ ಕನ್ನಡದಲ್ಲೂ ನಾವು ತೋಟಾ ಎನ್ನುವ ವಸ್ತುವಿನಲ್ಲಿ ನಾಲ್ಕು ಭಾಗಗಳಿವೆ. ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದಾಗ ಮದ್ದು ಸುಟ್ಟು ಗುಂಡು ಹೋಗುತ್ತದೆ, ಕ್ಯಾಪು ಕೆಡುತ್ತದೆ, ಕೊಳವೆ ಮಾತ್ರ ಉಳಿಯುತ್ತದೆ. ತೋಟಾದಲ್ಲಿ ಹೆಚ್ಚು ಬೆಲೆಯ ಭಾಗವೇ ಈ ಕೊಳವೆ. ಅದಕ್ಕೇ ಅದನ್ನು ಮತ್ತೆ ಬಳಸುವ ಪದ್ಧತಿ ಬೆಳೆಯಿತು. ಗುಂಡನ್ನೂ ಸೀಸಕ್ಕೆ, ಅಂದರೆ ತಮಿಳಿನ ಈಯಕ್ಕೆ, ತವರ ಮತ್ತು ಆಂಟಿಮನಿ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಎರಕ ಸುಲಭ. ಆದರೆ ಅದರ ಧೂಳು, ಹೊಗೆ ವಿಷ. ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ. ಹಳೆಯ ಬ್ಯಾಟರಿ ಸೀಸ ಕರಗಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಡೈ ಆರಿಸುವಾಗ ಏನು ನೋಡುತ್ತಾರೆ?

ರಿವಾಲ್ವರ್ ತೋಟಾಕ್ಕೆ ಸಾಮಾನ್ಯವಾಗಿ ಮೂರು ಡೈಗಳ ಸೆಟ್ ಬರುತ್ತದೆ. ಲೀ, ಆರ್‌ಸಿಬಿಎಸ್ ಮುಂತಾದ ಅಮೆರಿಕದ ಕಂಪನಿಗಳು ಇವನ್ನು ತಯಾರಿಸುತ್ತವೆ.

ಮೊದಲನೆಯದು ಸೈಸಿಂಗ್ ಡೈ. ಹಾರಿಸಿದಾಗ ಉಬ್ಬಿದ ಕೊಳವೆಯನ್ನು ಇದು ಮತ್ತೆ ಅಳತೆಗೆ ತರುತ್ತದೆ. ಬರೀ ಉಕ್ಕಿನ ಡೈ ಆದರೆ ಪ್ರತಿ ಕೊಳವೆಗೂ ಗ್ರೀಸಿನಂಥ ಜಾರಕ ಹಚ್ಚಬೇಕು, ಇಲ್ಲವಾದರೆ ಕೊಳವೆ ಡೈ ಒಳಗೆ ಸಿಕ್ಕಿಕೊಳ್ಳುತ್ತದೆ. ಕಾರ್ಬೈಡ್ ಉಂಗುರ ಇರುವ ಡೈಗೆ ಅದು ಬೇಕಿಲ್ಲ. ರಿವಾಲ್ವರ್ ಕೊಳವೆಗಳು ಹೆಚ್ಚಾಗಿ ನೇರವಾಗಿರುವುದರಿಂದ ಕಾರ್ಬೈಡ್ ಉಂಗುರ ಕೂರಿಸುವುದು ಸುಲಭ. ಅಲ್ಲಿನವರು ಬೆಲೆ ಹೆಚ್ಚಾದರೂ ಇದನ್ನೇ ಕೊಳ್ಳುತ್ತಾರೆ.

ಎರಡನೆಯದು ಬಾಯಿ ಅಗಲಿಸುವ ಡೈ. ಎರಕದ ಗುಂಡಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 38 ಸ್ಪೆಷಲ್ ಎಂಬ ಅಳತೆಯಲ್ಲಿ ತಾಮ್ರದ ಹೊದಿಕೆಯ ಗುಂಡು 0.357 ಇಂಚು ಇದ್ದರೆ ಎರಕದ ಗುಂಡು ಸಾಮಾನ್ಯವಾಗಿ 0.358 ಇಂಚು ಇರುತ್ತದೆ. ವ್ಯತ್ಯಾಸ ಇಂಚಿನ ಸಾವಿರದಲ್ಲೊಂದು ಭಾಗ, ಅಂದರೆ 0.025 ಮಿಲಿಮೀಟರ್. ಮೈಕ್ರೋಮೀಟರ್ ಹಿಡಿದವರಿಗೆ ಇದು ಸಣ್ಣದಲ್ಲ ಎಂದು ಗೊತ್ತು. ಬಾಯಿ ಸ್ವಲ್ಪ ಅಗಲವಾಗದಿದ್ದರೆ ಹಿತ್ತಾಳೆಯ ಅಂಚು ಮೆತ್ತನೆಯ ಸೀಸವನ್ನು ಹೆರೆದುಬಿಡುತ್ತದೆ. ಹೆಚ್ಚು ಅಗಲಿಸಿದರೆ ಕೊಳವೆಯ ಬಾಯಿ ಬೇಗ ಸೀಳುತ್ತದೆ.

ಮೂರನೆಯದು ಗುಂಡು ಕೂರಿಸಿ ಬಾಯಿ ಮಡಿಚುವ ಡೈ. ಒಳಗಿನ ಒತ್ತುವ ಭಾಗ ಗುಂಡಿನ ಮೂತಿಗೆ ಹೊಂದಬೇಕು. ಚಪ್ಪಟೆ ಮೂತಿಗೆ ಚಪ್ಪಟೆಯದು, ದುಂಡು ಮೂತಿಗೆ ದುಂಡನೆಯದು. ಬಾಯಿ ಮಡಿಚುವುದಕ್ಕೂ ಕಾರಣವಿದೆ. ರಿವಾಲ್ವರ್ ಹಾರುವಾಗ ಹಿಂದಕ್ಕೆ ಒದೆಯುತ್ತದೆ. ಆ ಏಟಿಗೆ ಉಳಿದ ತೋಟಾಗಳ ಗುಂಡು ಮುಂದಕ್ಕೆ ಜಾರಿ, ತಿರುಗುವ ಉರುಳೆ ನಿಂತುಹೋಗಬಹುದು. ಕೂರಿಸುವುದು, ಮಡಿಚುವುದು ಎರಡನ್ನೂ ಒಂದೇ ಏಟಿಗೆ ಮಾಡಿದರೆ ಸೀಸ ಮತ್ತೆ ಹೆರೆಯುತ್ತದೆ ಎಂದು ಕೆಲವರು ಮಡಿಚಲು ಬೇರೆಯೇ ನಾಲ್ಕನೆಯ ಡೈ ಇಟ್ಟುಕೊಳ್ಳುತ್ತಾರೆ. ಈ ನಾಲ್ಕನೆಯದರಲ್ಲೂ ಕಾರ್ಬೈಡ್ ಉಂಗುರ ಇರುವ ಬಗೆಯೊಂದಿದೆ. ಅದು ದಪ್ಪನೆಯ ಎರಕದ ಗುಂಡನ್ನು ಕೊಳವೆಯ ಒಳಗೇ ಅಮುಕಿ ಸಣ್ಣದು ಮಾಡುವುದುಂಟು. ಸಣ್ಣದಾದ ಗುಂಡಿನ ಪಕ್ಕದಿಂದ ಬಿಸಿ ಅನಿಲ ನುಗ್ಗಿ, ನಳಿಕೆಯೊಳಗೆಲ್ಲ ಸೀಸ ಮೆತ್ತಿಕೊಳ್ಳುತ್ತದೆ.

ಇಷ್ಟು ಸೂಕ್ಷ್ಮದ ಕೆಲಸದಲ್ಲಿ ಮದ್ದಿನ ಅಳತೆ ತಪ್ಪಿದರೆ ಉರುಳೆಯೇ ಸಿಡಿದು ಕೈ, ಕಣ್ಣು ಹೋಗುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಇದಕ್ಕೆ 1959ರ ಆಯುಧ ಕಾಯ್ದೆ ಅನ್ವಯಿಸುತ್ತದೆ. ಅದರ 2ನೇ ಸೆಕ್ಷನ್‌ನಲ್ಲಿ ಮದ್ದುಗುಂಡು ಎಂಬುದಕ್ಕೆ ಕೊಟ್ಟಿರುವ ಅರ್ಥವನ್ನು ಗಮನಿಸಿ. ತುಂಬಿದ ತೋಟಾ ಮಾತ್ರವಲ್ಲ, ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಸಾಧನಗಳೂ ಮದ್ದುಗುಂಡೇ. ಅಂದರೆ ತೋಟಾ ತುಂಬುವ ಡೈ ಕಾನೂನಿನ ಕಣ್ಣಿಗೆ ಬರೀ ಉಕ್ಕಿನ ತುಂಡಲ್ಲ.

3ನೇ ಸೆಕ್ಷನ್ ಪ್ರಕಾರ ಬಂದೂಕು, ಮದ್ದುಗುಂಡು ಇಟ್ಟುಕೊಳ್ಳಲು ಪರವಾನಗಿ ಬೇಕು. 5ನೇ ಸೆಕ್ಷನ್ ಪ್ರಕಾರ ತಯಾರಿಸಲು, ಮಾರಲು, ಮಾರ್ಪಡಿಸಲು, ರಿಪೇರಿ ಮಾಡಲು ಬೇರೆಯೇ ಪರವಾನಗಿ ಬೇಕು. ಮನೆಯಲ್ಲಿ ಲೈಸೆನ್ಸ್ ರಿವಾಲ್ವರ್ ಇದೆ ಎಂದ ಮಾತ್ರಕ್ಕೆ ತೋಟಾ ತುಂಬಿಕೊಳ್ಳುವ ಹಕ್ಕು ಬರುವುದಿಲ್ಲ. ಪರವಾನಗಿ ಪುಸ್ತಕದಲ್ಲಿ ಬರೆದಷ್ಟು ತೋಟಾವನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಂಡು, ಲೆಕ್ಕ ಬರೆಸಬೇಕು.

2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿತು. ಪರವಾನಗಿ ಇಲ್ಲದೆ ತಯಾರಿಸಿದರೆ, ರಿಪೇರಿ ಮಾಡಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ. ಎರಡಕ್ಕೂ ದಂಡ ಬೇರೆ. ಒಂದೇ ಒಂದು ಪೀಸು, ಸ್ನೇಹಿತನಿಗೆ ಮಾಡಿಕೊಟ್ಟದ್ದು ಎಂದರೆ ಬಿಡುಗಡೆ ಸಿಗುವುದಿಲ್ಲ.

ಲೇತ್ ಕೆಲಸದವರು ಎಚ್ಚರ

ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಹೊಸೂರೂ ಒಂದು. ಇದಕ್ಕೆ 2019ರಲ್ಲಿ ಚಾಲನೆ ಸಿಕ್ಕಿತು. ಆದ್ದರಿಂದ ಆಯುಧಕ್ಕೆ ಸಂಬಂಧಿಸಿದ ನ್ಯಾಯವಾದ ಆರ್ಡರ್‌ಗಳೂ ನಮ್ಮ ಊರಿಗೆ ಬರಬಹುದು. ವ್ಯತ್ಯಾಸ ತಿಳಿಯುವುದು ಕಾಗದಪತ್ರದಿಂದ. ಯಾರಾದರೂ ಹಿತ್ತಾಳೆ ಕೊಳವೆಯ ಸ್ಯಾಂಪಲ್ ತಂದು ಈ ಅಳತೆಗೆ ಡೈ ಬೇಕು ಎಂದರೆ, ನಳಿಕೆಯಂಥ ಪೈಪಿಗೆ ಬೋರ್ ಹೊಡೆಯಲು ಹೇಳಿದರೆ, ಹಳೆಯ ಕೋವಿಯ ಕುದುರೆ ರಿಪೇರಿಗೆ ತಂದರೆ, ಮೊದಲು ಡ್ರಾಯಿಂಗ್, ಕಂಪನಿ ಆರ್ಡರ್, ತಯಾರಿಕೆಯ ಪರವಾನಗಿ ಕೇಳಿ. ನಿಮ್ಮ ಘಟಕಕ್ಕೂ ಆ ಕೆಲಸಕ್ಕೆ ಅನುಮತಿ ಬೇಕೇ ಎಂದು ವಿಚಾರಿಸಿ. ಬಿಲ್ಲು ಬೇಡ, ನಗದು ಕೊಡುತ್ತೇನೆ ಎಂದರೆ ಕೆಲಸ ಮುಟ್ಟಬೇಡಿ, ಠಾಣೆಗೆ ತಿಳಿಸಿ.

ಹಳೆಯ ಕೋವಿ, ಗಡಿ ದಾಟುವ ಬಂದೂಕು

ಅಂಚೆಟ್ಟಿ, ದೇಂಕಣಿಕೋಟೆ, ತಳಿ, ಜವಳಗಿರಿ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಹಂದಿ, ಆನೆಯ ಕಾಟ ಇರುವುದು ನಿಜ. ಕೆಲವರ ಮನೆಯ ಅಟ್ಟದಲ್ಲಿ ತಾತನ ಕಾಲದ ನಾಡಬಂದೂಕು ಇರುವುದೂ ನಿಜ. ಬಾಯಿಂದ ಮದ್ದು ತುಂಬುವ ಕೋವಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವರು ತೀರಿಕೊಂಡರೆ, ಅವಧಿ ಮುಗಿದರೆ, 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಮಕ್ಕಳು ಮುಂದುವರಿಸಬೇಕೆಂದರೆ ಕೃಷ್ಣಗಿರಿಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬೇಕು. 2019ರಿಂದ ಲೈಸೆನ್ಸ್ ಅವಧಿ 3 ವರ್ಷದ ಬದಲು 5 ವರ್ಷ.

ಇನ್ನೊಂದು ಮಾತು. ನಮಗೆ ಜೂಜುವಾಡಿ, ಅತ್ತಿಬೆಲೆ ಎರಡೂ ಒಂದೇ ಊರಿನಂತೆ. ಬಂದೂಕಿಗೆ ಹಾಗಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಬರೆದ ಪ್ರದೇಶದಲ್ಲಿ ಮಾತ್ರ ಅದು ನಡೆಯುತ್ತದೆ. ತಮಿಳುನಾಡಿಗೆ ಮಾತ್ರ ಎಂದಿದ್ದರೆ, ಆನೇಕಲ್ಲಿನ ನೆಂಟರ ಮನೆಗೆ ಹೋಗುವಾಗ ಬಂದೂಕು, ತೋಟಾ ಗಾಡಿಯಲ್ಲಿ ಇರಕೂಡದು. ಇವತ್ತೇ ಪುಸ್ತಕ ತೆಗೆದು ಮೂರು ವಿಷಯ ನೋಡಿಕೊಳ್ಳಿ: ಅವಧಿ ಎಂದಿನವರೆಗೆ, ಪ್ರದೇಶ ಯಾವುದು, ತೋಟಾ ಎಷ್ಟು.