ಸ್ಪ್ರಿಂಗ್ ಬದಲಿಸೋ ಮುಂಚೆ ಸೋರಿಕೆ ನೋಡಿ: ಏರ್‌ಸಾಫ್ಟ್ ಗೇರ್‌ಬಾಕ್ಸ್‌ಗೆ ಯಾವ ಪಾರ್ಟ್ ಮೊದಲು?

ಈ ವಾರದ ಎಪಿಸೋಡ್ ಒಬ್ಬ ಕೇಳುಗರ ವಾಯ್ಸ್ ನೋಟ್‌ನಿಂದ ಶುರು. ದಾವಣಗೆರೆ ಕಡೆಯವರು, ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದ್ತಿದ್ದಾರೆ, ಭಾನುವಾರ ಏರ್‌ಸಾಫ್ಟ್ ಆಡ್ತಾರೆ. ಅವರ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಎಂ4 ಮೊದಲು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊಡೀತಿತ್ತು, ಈಗ 80ಕ್ಕೆ ಇಳಿದಿದೆ. ಜೊತೆಗೆ ಆಡೋರು "ಎಂ130 ಸ್ಪ್ರಿಂಗ್ ಹಾಕು, ಸರಿಹೋಗುತ್ತೆ" ಅಂದಿದ್ದಾರಂತೆ. ಹಾಕಲಾ ಬೇಡವಾ ಅಂತ ಪ್ರಶ್ನೆ.

ಬೇಡ. ಕಾರಣ ದುಡ್ಡು ಮಾತ್ರ ಅಲ್ಲ, ಕಾನೂನೂ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಏರ್‌ಸಾಫ್ಟ್ ಗನ್ ಹೊಡೆಯೋದು 6 ಮಿ.ಮೀ. ಪ್ಲಾಸ್ಟಿಕ್ ಗುಂಡು, ಬಿಬಿ ಅಂತಾರೆ. 1991ರಲ್ಲಿ ಜಪಾನಿನ ಟೋಕಿಯೊ ಮರುಯಿ ಕಂಪನಿ ಫಾಮಾಸ್ ಮಾದರಿಯಲ್ಲಿ ಎಲೆಕ್ಟ್ರಿಕ್ ಗನ್ ತಂದಿತು, ಇವತ್ತಿನ ಬಹುತೇಕ ಗೇರ್‌ಬಾಕ್ಸ್‌ಗಳು ಅದೇ ವಂಶದವು. ಮೋಟರ್ ಮೂರು ಗೇರ್ ತಿರುಗಿಸುತ್ತೆ. ಕೊನೆಯದಾದ ಸೆಕ್ಟರ್ ಗೇರ್ ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗ್ ಒತ್ತಿ ಬಿಟ್ಟುಬಿಡುತ್ತೆ. ಪಿಸ್ಟನ್ ಮುಂದಕ್ಕೆ ನುಗ್ಗಿ ಸಿಲಿಂಡರಿನ ಗಾಳಿಯನ್ನ ನಾಜಲ್ ಮೂಲಕ ತಳ್ಳುತ್ತೆ. ಹೋಳಿ ಹುಣ್ಣಿಮೆ ಪಿಚಕಾರಿ ಥರಾನೇ, ನೀರಿನ ಬದಲು ಗಾಳಿ ಅಷ್ಟೆ.

ಪಿಚಕಾರಿಯ ವಾಷರ್ ಸವೆದ್ರೆ ಏನಾಗುತ್ತೆ? ಎಷ್ಟು ಜೋರಾಗಿ ತಳ್ಳಿದ್ರೂ ನೀರು ಹಿಂದಿನಿಂದ ಕೈಮೇಲೆ ಬರುತ್ತೆ. ನಮ್ಮ ದಾವಣಗೆರೆ ಹುಡುಗನ ಗನ್‌ನಲ್ಲೂ ಅದೇ ಆಗಿರೋ ಸಾಧ್ಯತೆ ಜಾಸ್ತಿ. ಸ್ಪ್ರಿಂಗ್ ಹಳೇದಾದ್ರೂ ಸ್ವಲ್ಪ ಸೊರಗುತ್ತೆ ನಿಜ, ಆದ್ರೆ ಇಷ್ಟು ಇಳಿದಾಗ ಮೊದಲ ಅನುಮಾನ ಸೋರಿಕೆ ಮೇಲೆ.

ಈಗ ಲೆಕ್ಕ. ನಾನು ಬಿ.ಕಾಂ. ಓದಿದವನು, ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ. ಸ್ಪ್ರಿಂಗ್ ಮೇಲಿನ ಎಂ100, ಎಂ130 ಅನ್ನೋ ನಂಬರ್ ಅಂದ್ರೆ, ಸೋರಿಕೆ ಇಲ್ಲದ ಗನ್‌ನಲ್ಲಿ 0.20 ಗ್ರಾಂ ಬಿಬಿ ಸುಮಾರು ಅಷ್ಟು ಮೀಟರ್ ವೇಗದಲ್ಲಿ ಹೋಗುತ್ತೆ ಅಂತ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುತ್ತೆ. 100 ಮೀಟರ್ ಅಂದ್ರೆ ಸರಿಯಾಗಿ 1 ಜೌಲ್ ಶಕ್ತಿ. ವೇಗದ ವರ್ಗದ ಲೆಕ್ಕದಲ್ಲಿ ಶಕ್ತಿ ಏರೋದ್ರಿಂದ, 114 ಮೀಟರಿಗೇ 1.3 ಜೌಲ್ ಮುಟ್ಟುತ್ತೆ, 130ಕ್ಕೆ ಹತ್ತಿರತ್ತಿರ 1.7.

ಬ್ರಿಟನ್ನಿನ 2017ರ ಕಾನೂನು ಪ್ರಕಾರ ಆಟೊಮ್ಯಾಟಿಕ್ ಆಗಿ ಹೊಡೆಯೋ ಏರ್‌ಸಾಫ್ಟ್ ಗನ್‌ಗೆ ಮಿತಿ 1.3 ಜೌಲ್. ಒಂದೊಂದೇ ಹೊಡೆಯೋದಕ್ಕೆ 2.5. ಮಿತಿ ದಾಟಿದ್ರೆ "ಇದು ಏರ್‌ಸಾಫ್ಟ್" ಅನ್ನೋ ವಿನಾಯಿತಿ ಹೋಗುತ್ತೆ, ಬಂದೂಕಿನ ಕಾನೂನಿನ ಬಾಯಿಗೆ ಬೀಳ್ತೀರಿ. ಇವತ್ತು ಸೋರ್ತಿರೋ ಗನ್‌ಗೆ ಎಂ130 ಹಾಕಿದ್ರೆ ಮೀಟರ್‌ನಲ್ಲಿ ಏನೂ ಗೊತ್ತಾಗದೇ ಇರಬಹುದು. ಮುಂದಿನ ತಿಂಗಳು ಯಾರೋ ಒಂದು ಓ-ರಿಂಗ್ ಬದಲಿಸಿದ್ರೆ? ಅದೇ ಗನ್ ರಾತ್ರೋರಾತ್ರಿ 1.7 ಜೌಲ್. ಸ್ಟೂಡೆಂಟ್ ವೀಸಾದಲ್ಲಿರೋರಿಗೆ ಈ ತಮಾಷೆ ಬೇಕಾ?

ಹಾಗಾಗಿ ಮೊದಲ ಖರ್ಚು ಸೀಲ್‌ಗೆ. ಪಿಸ್ಟನ್ ಹೆಡ್ ಮತ್ತು ಅದರ ಓ-ರಿಂಗ್, ಸಿಲಿಂಡರ್ ಹೆಡ್, ನಾಜಲ್. ಬಿಚ್ಚೋ ಮುಂಚೆ ಬ್ಯಾಟರಿ ತೆಗೀರಿ, ಆ್ಯಂಟಿ-ರಿವರ್ಸಲ್ ಲ್ಯಾಚ್ ಬಿಡಿಸಿ ಸ್ಪ್ರಿಂಗ್ ಸಡಿಲ ಮಾಡಿ, ಕನ್ನಡಕ ಹಾಕ್ಕೊಳ್ಳಿ. ಎಂ4ನಲ್ಲಿರೋ ವರ್ಷನ್ 2 ಗೇರ್‌ಬಾಕ್ಸ್ ತೆರೆದಾಗ ಸ್ಪ್ರಿಂಗ್ ಗೈಡ್ ಸಮೇತ ಮುಖಕ್ಕೆ ಹಾರೋ ಚಾನ್ಸ್ ಇದೆ. ಆಮೇಲೆ ಸಿಲಿಂಡರ್, ಹೆಡ್, ನಾಜಲ್ ಜೋಡಿಸಿ, ನಾಜಲ್ ತುದಿ ಬೆರಳಿಂದ ಮುಚ್ಚಿ ಪಿಸ್ಟನ್ ಒತ್ತಿ. ಗಟ್ಟಿಯಾಗಿ ತಡೆದ್ರೆ ಸರಿ. ಬುಸ್ ಅಂತ ಒಳಗೆ ಹೋದ್ರೆ ಕಳ್ಳ ಸಿಕ್ಕ. ಅಲ್ಲೂ ಸರಿ ಇದ್ರೆ ಗೇರ್‌ಬಾಕ್ಸ್ ಹೊರಗಿನ ಹಾಪ್-ಅಪ್ ರಬ್ಬರ್ ನೋಡಿ.

ಎರಡನೇದು ಶಿಮ್. ಗೇರ್ ಮತ್ತು ಬುಶಿಂಗ್ ಮಧ್ಯೆ ಹಾಕೋ ತೆಳು ವಾಷರ್‌ಗಳು. ಇದು ಪಾರ್ಟ್ ಅನ್ನೋದಕ್ಕಿಂತ ಕೆಲಸ, ಅದಕ್ಕೇ ಎಲ್ಲರೂ ತಪ್ಪಿಸ್ಕೋತಾರೆ. ಗನ್ ಕೀರಲು ಧ್ವನಿ ಮಾಡ್ತಿದ್ರೆ ಶಿಮ್ ಸರಿಯಿಲ್ಲದೇ ಇರಬಹುದು, ಎಷ್ಟೇ ದುಬಾರಿ ಸ್ಟೀಲ್ ಗೇರ್ ಹಾಕಿದ್ರೂ ಸವೆದುಹೋಗುತ್ತೆ. ಬುಶಿಂಗಾ ಬೇರಿಂಗಾ ಅಂತ ಕೇಳಿದ್ರೆ, ನನ್ನ ಓಟು ಗಟ್ಟಿ ಸ್ಟೀಲ್ ಬುಶಿಂಗ್‌ಗೆ. ಬೇರಿಂಗ್ ಸಲೀಸಾಗಿ ತಿರುಗುತ್ತೆ ನಿಜ, ಆದ್ರೆ ಕಳಪೆಯದ್ದು ಒಡೆದು ಒಂದು ಬಾಲ್ ಗೇರ್ ಹಲ್ಲಿಗೆ ಸಿಕ್ಕಿದ್ರೆ ಒಳಗಿರೋದೆಲ್ಲ ಪುಡಿ.

ಪಿಸ್ಟನ್ ವಿಚಾರದಲ್ಲಿ ಪಾಲಿಮರ್ ಬಾಡಿ, ಸ್ಟೀಲ್ ಹಲ್ಲು ಇರೋದು ಸಾಕು. ಪೂರ್ತಿ ಲೋಹದ್ದು ಭಾರ, ಅದು ಬಡಿಯೋ ಪೆಟ್ಟು ಗೇರ್‌ಬಾಕ್ಸ್ ಮುಂಭಾಗಕ್ಕೆ. ವರ್ಷನ್ 2 ಬಿರುಕು ಬಿಡೋದೇ ಅಲ್ಲಿ, ಸಿಲಿಂಡರ್ ಕಿಟಕಿಯ ಮೂಲೆಗಳಲ್ಲಿ. ಎಂ130 ಬೇಡ ಅನ್ನೋದಕ್ಕೆ ಇದೂ ಒಂದು ಕಾರಣ.

ಗೇರ್ ಅನುಪಾತ ಮುಟ್ಟಬೇಡಿ. ಮಾಮೂಲಿ 18:1 ಚೆನ್ನಾಗೇ ಇದೆ. 13:1 ಹಾಕಿದ್ರೆ ವೇಗ ಏರುತ್ತೆ, ಮೋಟರಿಗೆ ಹೊರೆಯೂ ಏರುತ್ತೆ, ಪಿಸ್ಟನ್ ಪೂರ್ತಿ ಮುಂದೆ ಹೋಗೋ ಮುಂಚೆ ಸೆಕ್ಟರ್ ಗೇರ್ ಬಂದು ಹಲ್ಲು ಕಚ್ಚೋ ಅಪಾಯ. ಟ್ರಿಗರ್ ಚುರುಕಾಗಬೇಕು ಅಂದ್ರೆ ನಿಯೋಡಿಮಿಯಮ್ ಮ್ಯಾಗ್ನೆಟ್ ಇರೋ ಹೈ-ಟಾರ್ಕ್ ಮೋಟರ್ ತಗೊಳ್ಳಿ, ಜೊತೆಗೆ ಒಂದು ಮಾಸ್‌ಫೆಟ್. 11.1 ವೋಲ್ಟ್ ಲಿಪೊ ಬ್ಯಾಟರಿಯಲ್ಲಿ ಟ್ರಿಗರ್ ಕಾಂಟ್ಯಾಕ್ಟ್ ಕಿಡಿ ಹಾರಿ ಕಪ್ಪಾಗುತ್ತೆ. ಮಾಸ್‌ಫೆಟ್ ಇದ್ರೆ ಮೋಟರಿನ ಕರೆಂಟ್ ಅಲ್ಲಿಂದ ಹೋಗೋದೇ ಇಲ್ಲ.

ಸಿಲಿಂಡರ್ ಬ್ಯಾರೆಲ್ ಉದ್ದಕ್ಕೆ ಹೊಂದಬೇಕು. ಗಿಡ್ಡ ಬ್ಯಾರೆಲ್‌ಗೆ ತೂತು ಇರೋದು, ಉದ್ದದ್ದಕ್ಕೆ ಪೂರ್ತಿ ಮುಚ್ಚಿರೋದು. ಗಿಡ್ಡ ಬ್ಯಾರೆಲ್‌ಗೆ ಪೂರ್ತಿ ಸಿಲಿಂಡರ್ ಹಾಕಿದ್ರೆ ಇನ್ನೊಂದು ತೊಂದರೆ: 0.20 ಗ್ರಾಂನಲ್ಲಿ ಮಿತಿಯೊಳಗಿದ್ದ ಗನ್, 0.30 ಹಾಕಿದಾಗ ಜಾಸ್ತಿ ಜೌಲ್ ತೋರಿಸಬಹುದು. ಭಾರದ ಬಿಬಿ ನಿಧಾನವಾಗಿ ಹೊರಡೋದ್ರಿಂದ ಗಾಳಿ ಅದನ್ನ ಹೆಚ್ಚು ಹೊತ್ತು ತಳ್ಳುತ್ತೆ. ನೀವು ಆಡೋ ಬಿಬಿಯಲ್ಲೇ ಅಳೀರಿ.

ಲೀಡ್ಸ್ ಗೆಳೆಯರಿಗೆ ಶಾಪಿಂಗ್ ಲಿಸ್ಟ್: ಓ-ರಿಂಗ್, ಶಿಮ್ ಸೆಟ್, ಸಿಲಿಕೋನ್ ಗ್ರೀಸ್, ಹಾಪ್-ಅಪ್ ರಬ್ಬರ್. ಮುಚ್ಚಿದ ಮೇಲೆ ಮೈದಾನದ ಕ್ರೋನೋಗ್ರಾಫ್‌ನಲ್ಲಿ ಅಳೀರಿ, ಅಲ್ಲಿ ಸಾಮಾನ್ಯವಾಗಿ ಮಿತಿ 350 ಎಫ್‌ಪಿಎಸ್, ಅಂದ್ರೆ ಸುಮಾರು 107 ಮೀಟರ್. ಆಮೇಲೂ 90 ದಾಟಲಿಲ್ಲ ಅಂದ್ರೆ ಹೊಸ ಎಂ100 ಹಾಕಿ, ಮತ್ತೆ ಅಳೀರಿ. ರಿಸಲ್ಟ್ ಏನಾಯ್ತು ಅಂತ ಇನ್ನೊಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ.